ಮನೆಯ ಜೊತೆಗೆ ಬರುವವಳು

ಕನ್ನಡಕದ ಅಂಗಡಿಯ ಗಂಡ ಹೆಂಡತಿ ಮನೆ ನೋಡಲು ಬಂದ ಬೆಳಿಗ್ಗೆ ಬಾಗಿಲು ತೆರೆದವಳು ಸೂಜಿಯಕ್ಕ. ರವಿಕೆಯ ತೋಳನ್ನು ಮೊಣಕೈಯವರೆಗೆ ಮಡಚಿದ್ದಳು, ಕೈಯಲ್ಲಿ ನೆಲ ಒರೆಸುವ ಕೋಲಿತ್ತು. ಮನೆ ಮಾರಾಟಕ್ಕೆ ಇಟ್ಟಾಗಿನಿಂದ, ನೋಡುವವರು ಬರುತ್ತಾರೆಂದರೆ ಅವಳು ಆಸ್ಪತ್ರೆಗೆ ರಜೆ ಹಾಕಿ ಹಿಂದಿನ ಚರಂಡಿಯಿಂದ ಮುಂದಿನ ಮೆಟ್ಟಿಲವರೆಗೆ ತಿಕ್ಕುತ್ತಿದ್ದಳು. ಬಂದವರು ಗೋಡೆ ತಟ್ಟಿ, ಕಪಾಟಿನೊಳಗೆ ಮೂಗು ತೂರಿಸಿ, "ಹೇಳಿ ಕಳಿಸ್ತೀವಿ" ಎಂದು ಹೋಗುತ್ತಿದ್ದರು. ಹೇಳಿ ಕಳಿಸಿದವರು ಒಬ್ಬರೂ ಇರಲಿಲ್ಲ.

"ಮನೆಯವರು ಇದ್ದಾರಾ?" ಎಂದರು ಕನ್ನಡಕದವರು.

ಅವಳು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ತಮ್ಮ ಬಂದ. "ಬನ್ನಿ ಸಾರ್, ಬನ್ನಿ. ನಿಮ್ದೇ ಮನೆ ಅಂದ್ಕೊಳ್ಳಿ" ಎಂದು ತನ್ನ ಟೈಲ್ಸ್ ಅಂಗಡಿಯ ನಗುವನ್ನೆಲ್ಲ ಮುಂದಿಟ್ಟ. ಸೂಜಿಯಕ್ಕ ಪಕ್ಕಕ್ಕೆ ಸರಿದಳು. ಒದ್ದೆ ನೆಲದ ಮೇಲೆ ಎರಡು ಜೊತೆ ಹೆಜ್ಜೆ ಗುರುತು ಮೂಡಿತು. ಅವಳು ಹಿಂದೆಯೇ ಒರೆಸುತ್ತ ಹೋದಳು.

ಈ ಮನೆಯ ಮೂವರು ಒಡೆಯರಲ್ಲಿ ಹಿರಿಯಳು ತಾನು ಎಂದು ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಗುರುತು ಒಣಗುವ ಮೊದಲು ಒರೆಸದಿದ್ದರೆ ನೆಲದ ಮೇಲೆ ಬಿಳಿಯಾಗಿ ಉಳಿದುಬಿಡುತ್ತದೆ. ಅವಳ ಗಮನ ಅಲ್ಲಿತ್ತು.

ಹೆಂಡತಿ ಬಸುರಿ. ಕೋಣೆಯಿಂದ ಕೋಣೆಗೆ ನಿಧಾನವಾಗಿ ನಡೆಯುತ್ತ, ಗಂಡನಿಗೆ ಕಾಣದ್ದನ್ನೇ ಹುಡುಕಿ ಕೇಳುತ್ತಿದ್ದಳು. ಬಚ್ಚಲ ನಲ್ಲಿ ಯಾಕೆ ತೊಟ್ಟಿಕ್ಕುತ್ತೆ? ಪೂರ್ತಿ ತಿರುಗಿಸಿ ಒಂಚೂರು ಹಿಂದಕ್ಕೆ ತರಬೇಕು ಎಂದಳು ಸೂಜಿಯಕ್ಕ. ಅಡುಗೆಮನೆ ಕಿಟಕಿ ತೆಗೆಯೋಕೆ ಬರಲ್ವಾ? ಬರುತ್ತೆ, ಕೆಳಗಡೆ ಮೊಣಕೈಯಿಂದ ಗುದ್ದಬೇಕು. ಹಿಂದಿನ ಚರಂಡಿ? ಆಗಾಗ ಕೋಲು ಹಾಕಿ ಆಡಿಸದಿದ್ದರೆ ನೀರು ಬಚ್ಚಲಿಗೇ ವಾಪಸು. ಪ್ರತಿ ಉತ್ತರದ ಬಾಲಕ್ಕೂ ತಮ್ಮ ಒಂದೇ ಮಾತು ಕಟ್ಟುತ್ತಿದ್ದ: "ಅದಕ್ಕೆಲ್ಲ ನೀವು ತಲೆ ಕೆಡಿಸ್ಕೊಬೇಡಿ ಮೇಡಂ. ಇವಳು ನೋಡ್ಕೋತಾಳೆ."

ಹೋಗುವಾಗ ಹೆಂಡತಿ ಬಾಗಿಲಲ್ಲಿ ನಿಂತು ಸೂಜಿಯಕ್ಕನ ಕೈ ಹಿಡಿದುಕೊಂಡು, "ಎಷ್ಟು ಚೆನ್ನಾಗಿ ಇಟ್ಟಿದೀರಿ" ಎಂದಳು. ಆ ಮನೆಯಲ್ಲಿ ಆ ಮಾತನ್ನು ಯಾರೂ ಅವಳಿಗೆ ಹೇಳಿದ್ದಿಲ್ಲ. ಇಡೀ ದಿನ ಅದು ಅವಳ ಕಿವಿಯಲ್ಲಿ ಬೆಚ್ಚಗೆ ಕೂತಿತ್ತು.

ಸೂಜಿಯಕ್ಕನಿಗೆ ಆ ಹೆಸರು ಬಂದದ್ದು ಆಸ್ಪತ್ರೆಯಲ್ಲಿ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕದ ಕೋಣೆಯಲ್ಲಿ ಅವಳ ಹೊಲಿಗೆ ಯಂತ್ರವಿದೆ. ಕಿಟಕಿ ಇಲ್ಲ. ಗೋಡೆಯಾಚೆ ನೀರು ಹಿಂಡುವಾಗ ಮೇಜಿನ ಮೇಲಿನ ಗುಂಡಿಗಳು ಸಣ್ಣಗೆ ಕುಣಿಯುತ್ತವೆ. ಹಾಸಿಗೆಯ ಮೇಲುಹಾಸು ಮೊದಲು ಸವೆಯುವುದು ನಡುವೆ, ರೋಗಿಯ ಸೊಂಟ ಊರುವ ಜಾಗದಲ್ಲಿ. ಅದನ್ನು ಉದ್ದಕ್ಕೆ ಸೀಳಿ, ಇನ್ನೂ ಗಟ್ಟಿ ಇರುವ ಎರಡು ಅಂಚುಗಳನ್ನು ನಡುವಿಗೆ ತಂದು ಜೋಡಿಸುತ್ತಾಳೆ. ಸವೆದ ಭಾಗ ಹೊರಗಡೆ ಹೋಗುತ್ತದೆ, ಹಾಸಿಗೆಯಡಿ ಮಡಚಿ ಸಿಕ್ಕಿಸುವಲ್ಲಿಗೆ. ಜೋಡಿಸಿದ ಹೊಲಿಗೆ ಚಪ್ಪಟೆಯಾಗಿ ಕೂರಬೇಕು. ಯಾರಾದರೂ ರೋಗಿ "ಬೆನ್ನಿಗೆ ಏನೋ ಒತ್ತುತ್ತೆ" ಎಂದರೆ ಹಿರಿಯ ನರ್ಸಮ್ಮ ಆ ಹಾಸನ್ನು ಹೆಗಲ ಮೇಲೆ ಹಾಕಿಕೊಂಡು ನೇರವಾಗಿ ಕೆಳಗಿಳಿಯುತ್ತಾಳೆ. ನರ್ಸಮ್ಮ ಹಾಗೆ ಇಳಿದು ಬಹಳ ಕಾಲವಾಯಿತು. "ನಿನ್ನ ಮುಖ ನೋಡೋಕಾದ್ರೂ ಒಂದು ದೂರು ಬರ್ಲಿ ಅಂತಿದೀನಿ ಕಣೇ" ಎಂದು ಮೆಟ್ಟಿಲ ಮೇಲಿನಿಂದಲೇ ಕೂಗುತ್ತಾಳೆ.

ಆ ಕೆಲಸಕ್ಕೆ ತಿಂಗಳಾದರೆ ಸಂಬಳ ಬರುತ್ತದೆ. ವಾರಕ್ಕೊಂದು ರಜೆ ಇದೆ. ಜ್ವರ ಬಂದರೆ ಮಲಗಬಹುದು. ಮನೆಯ ಕೆಲಸಕ್ಕೆ ಇವು ಯಾವುವೂ ಇರಲಿಲ್ಲವಾದ್ದರಿಂದ ಅದೂ ಒಂದು ಕೆಲಸವೆಂದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ ಕೂಡ. ಅವಳ ಮದುವೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ಇನ್ನೇನೋ ಎದುರಾಗುತ್ತಿತ್ತು. ಮೊದಲು ಅಪ್ಪನ ಉಬ್ಬಸ, ಆಮೇಲೆ ತಮ್ಮನ ಪರೀಕ್ಷೆ, ತಂಗಿಯ ಬಾಣಂತನ, ಕೊನೆಗೆ ಅಮ್ಮನ ಮಂಡಿ. ಮಂಡಿಯ ನೋವು ಸೊಂಟಕ್ಕೇರಿ, ಅಮ್ಮ ಹಾಸಿಗೆ ಹಿಡಿದು, ಆ ಹಾಸಿಗೆಯನ್ನು ದಿನಾ ಬದಲಿಸಬೇಕಾಗಿ ಬರುವಷ್ಟರಲ್ಲಿ ಮದುವೆಯ ಮಾತು ಆಡುವವರೇ ಇಲ್ಲವಾದರು. ಅಮ್ಮ ಹೋದ ಮೇಲೆ ಮನೆ ಮೂವರಿಗೂ ಸಮಪಾಲು ಎಂದಾಯಿತು. "ಅವಳಿಗೇನು, ಇದ್ದಲ್ಲೇ ಹಾಯಾಗಿದಾಳೆ" ಎಂದರು ನೆಂಟರು. ಹಾಯಾಗಿದ್ದವಳ ಬೆರಳ ಸಂದಿಗಳು ಸೋಪಿನ ನೀರಿಗೆ ಬಿರಿದಿದ್ದವು. ಹೊಲಿಯುವಾಗ ದಾರ ಅವುಗಳಿಗೆ ಸಿಕ್ಕಿಕೊಳ್ಳುತ್ತಿತ್ತು.

ಮನೆ ಮಾರುವ ಆಲೋಚನೆ ತಮ್ಮನದು ಎಂದು ಬೀದಿಯವರು ತಿಳಿದಿದ್ದರು. ಮೊದಲು ಬಾಯಿ ಬಿಟ್ಟವಳು ಸೂಜಿಯಕ್ಕನೇ. ಟೈಲ್ಸ್ ಅಂಗಡಿಯ ಪಾಲುಗಾರಿಕೆ ಬಿಟ್ಟು ಸ್ವಂತದ್ದೊಂದು ತೆರೆಯಬೇಕೆಂದು ತಮ್ಮನಿಗೆ, ಶಾಲೆಯ ಮಕ್ಕಳನ್ನು ಕರೆದೊಯ್ಯುವ ಬಾಡಿಗೆ ವ್ಯಾನು ತನ್ನದೇ ಆಗಬೇಕೆಂದು ತಂಗಿಗೆ ಆಸೆ ಇದ್ದದ್ದು ನಿಜ. ಅವರು ಕುಣಿದು ಒಪ್ಪಿದರು. ಸೂಜಿಯಕ್ಕನ ಆಸೆ ಏನೆಂದು ಯಾರೂ ಕೇಳಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಮೂರನೇ ಮಹಡಿಯಲ್ಲಿ, ಎರಡು ಕೋಣೆಯ ಒಂದು ಮನೆಯನ್ನು ಅವಳು ಊಟದ ಬಿಡುವಿನಲ್ಲಿ ಒಬ್ಬಳೇ ಹೋಗಿ ನೋಡಿ ಬಂದಿದ್ದಳು. ಒಂದರಲ್ಲಿ ಮಲಗುವುದು, ಇನ್ನೊಂದರಲ್ಲಿ ತನ್ನದೇ ಒಂದು ಹೊಲಿಗೆ ಯಂತ್ರ. ಬಟ್ಟೆಯ ನಾರು ದಿಂಬಿಗೆ ಬರಬಾರದು. ಗುಡಿಸಲು ಅಂಗಳವಿಲ್ಲ, ಮೆಟ್ಟಿಲು ತೊಳೆಯುವುದು ಕಟ್ಟಡದವರ ಪಾಡು. "ಒಬ್ಬರಿಗೆ ಎರಡು ಕೋಣೆ ಯಾಕಮ್ಮಾ?" ಎಂದು ಕಾವಲುಗಾರ ಕೇಳಿದ್ದಕ್ಕೆ, "ಒಂದರಲ್ಲಿ ಕೂತು ಇನ್ನೊಂದನ್ನ ನೋಡೋಕೆ" ಎಂದಿದ್ದಳು.

ಭಾನುವಾರ ದಲ್ಲಾಳಿ ಬಂದ. ತಮ್ಮ, ತಮ್ಮನ ಹೆಂಡತಿ, ತಂಗಿ ಎಲ್ಲರೂ ತಂತಮ್ಮ ಮನೆಗಳಿಂದ ಬಂದು ಸೇರಿದ್ದರು. ದಲ್ಲಾಳಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ಕೂತ.

"ಕನ್ನಡಕದವರು ಒಪ್ಪಿದಾರೆ. ನಾವು ಕೇಳಿದ ಬೆಲೆಗೇ. ಚೌಕಾಸಿ ಇಲ್ಲ, ಬಿಡಿಗಾಸು ಕಮ್ಮಿ ಇಲ್ಲ."

ತಮ್ಮ ತೊಡೆ ತಟ್ಟಿಕೊಂಡ. "ನೋಡಿದ್ರಾ? ನಾನು ಹೇಳ್ಲಿಲ್ವಾ?"

"ಒಂದೇ ಒಂದು ಮಾತು" ಎಂದ ದಲ್ಲಾಳಿ. "ಮನೆ ನೋಡ್ಕೊಳ್ಳೋ ಹೆಂಗಸೂ ಜೊತೆಗೇ ಇರ್ಬೇಕಂತೆ. ಹಿಂದಿನ ಕೋಣೆ ಬಿಟ್ಕೊಡ್ತಾರೆ, ಬಾಡಿಗೆ ಬೇಡ, ಊಟ ಅಲ್ಲೇ. ಕೈಗಿಷ್ಟು ಅಂತಾನೂ ಕೊಡ್ತಾರೆ. ಮನೆ ಇಷ್ಟು ಚೊಕ್ಕಟವಾಗಿರೋದೇ ಆಕೆಯಿಂದ, ಆಕೆ ಇದ್ರೆ ಮಾತ್ರ ಈ ಬೆಲೆ ಅಂತ ಮೇಡಂ ಪಟ್ಟು ಹಿಡಿದಿದ್ರು."

"ಯಾವ ಹೆಂಗಸು?" ಎಂದಳು ತಂಗಿ.

ದಲ್ಲಾಳಿ ಟೀ ತಂದಿಡುತ್ತಿದ್ದ ಸೂಜಿಯಕ್ಕನ ಕಡೆ ನೋಡಿದ. ಅವಳು ಯಾರೆಂದು ಅವನಿಗೆ ಗೊತ್ತಿತ್ತು. ಕುತ್ತಿಗೆ ಮತ್ತೆ ಬೆವರಿತು.

ತಂಗಿ ಗಹಗಹಿಸಿ ನಕ್ಕಳು. "ಅಯ್ಯೋ! ಅಕ್ಕನ್ನ ಕೆಲಸದವಳು ಅಂದ್ಕೊಂಡ್ರಾ?" ನಗು ಅರ್ಧಕ್ಕೆ ನಿಲ್ಲಿಸಿ ಅಣ್ಣನ ಕಡೆ ತಿರುಗಿದಳು. "ನೀನು ಅಲ್ಲೇ ಇದ್ದೆಯಲ್ಲಣ್ಣ. ಹೇಳ್ಬಾರ್ದಿತ್ತಾ?"

"ಹೇಳೋ ಸಂದರ್ಭ ಬರ್ಲಿಲ್ಲ."

"ನಾನು ಹೇಳ್ದೆ" ಎಂದ ದಲ್ಲಾಳಿ ಆತುರದಿಂದ. "ಇವರೂ ಒಬ್ಬ ಮಾಲೀಕರು ಅಂತ. ಪಾಪ, ಆ ಮೇಡಂಗೆ ನಾಚಿಕೆಯಾಗಿ ನೆಲ ನೋಡಿದ್ರು. ಆದ್ರೂ ಕೇಳಿ ನೋಡಿ ಅಂದ್ರು. ಮನೆಯವರೇ ಆದ್ರೆ ಇನ್ನೂ ನಂಬಿಕೆ ಅಲ್ವಾ ಅಂತ."

ತಮ್ಮ ಕುರ್ಚಿಯನ್ನು ಮುಂದೆಳೆದುಕೊಂಡ. "ಸಿಟ್ಟು ಮಾಡ್ಕೊಳ್ಳದೇ ಯೋಚನೆ ಮಾಡಕ್ಕಾ. ನೀನು ಎಲ್ಲಿಗೂ ಹೋಗ್ಬೇಕಾಗಿಲ್ಲ. ಪಾಲಿಗೆ ಪಾಲೂ ಬರುತ್ತೆ, ಇರೋಕೆ ಜಾಗಾನೂ ಸಿಗುತ್ತೆ, ಮೇಲೆ ಕೈಗಿಷ್ಟು. ಇವತ್ತಿನವರೆಗೂ ಪುಕ್ಕಟೆ ಮಾಡ್ತಿದ್ದೆ, ಇನ್ಮೇಲೆ ಅದಕ್ಕೇ ದುಡ್ಡು. ಲಾಟರಿ ಹೊಡೆದ ಹಾಗೆ!"

"ಆಸ್ಪತ್ರೆ ಕೆಲಸ?"

"ಬಿಟ್ಟರಾಯ್ತು. ಆ ನೆಲಮಾಳಿಗೇಲಿ ಗಾಳಿ ಇಲ್ಲ, ಬೆಳಕಿಲ್ಲ."

ತಪ್ಪು ಹುಡುಕಿದರೂ ಆ ಮಾತಿನಲ್ಲಿ ತಪ್ಪು ಸಿಗುವಂತಿರಲಿಲ್ಲ. ಸೂಜಿಯಕ್ಕನಿಗೂ ಒಂದು ಗಳಿಗೆ ಸರಿಯೆನಿಸಿತು. ಒಪ್ಪಿದರೆ ಎಲ್ಲರ ಕೈಗೂ ಪೂರ್ತಿ ಬೆಲೆ. ಬೇಡವೆಂದರೆ ಬಂದ ಒಬ್ಬ ಗಿರಾಕಿಯೂ ಹೋಗಬಹುದು. ಮಾರಾಟ ನಿಂತರೆ ಮೂರನೇ ಮಹಡಿಯೂ ಇಲ್ಲ. ಒಪ್ಪಿದರೂ ಮೂರನೇ ಮಹಡಿ ಇಲ್ಲ ಎಂಬುದು ಕೊಂಚ ತಡವಾಗಿ ಹೊಳೆಯಿತು.

"ಎರಡು ದಿನ ಕೊಡಿ" ಎಂದಳು.

"ಅದರಲ್ಲಿ ಯೋಚಿಸೋದು ಏನಿದೆ ಅಕ್ಕಾ?"

"ಬಟ್ಟೆ ನೋಡ್ದೆ ಕತ್ತರಿ ಹಾಕೋ ಅಭ್ಯಾಸ ಇಲ್ಲ ಕಣೋ ನನಗೆ."

ಮಾರನೆಯ ದಿನ ಕೆಲಸ ಮುಗಿಸಿ ನೇರವಾಗಿ ಕನ್ನಡಕದ ಅಂಗಡಿಗೆ ಹೋದಳು. ಮುಂದೆ ಕನ್ನಡಿಗಳು, ಬೆಳಕು, ಸಾಲು ಸಾಲು ಚೌಕಟ್ಟುಗಳು, ಅಲ್ಲಿ ಗಂಡ. ಅವಳನ್ನು ಕಂಡವನೇ ಎದ್ದು ನಿಂತು, "ಕ್ಷಮಿಸಿ ಮೇಡಂ, ಅವತ್ತು ಗೊತ್ತಾಗ್ಲಿಲ್ಲ" ಎಂದ.

"ಪರವಾಗಿಲ್ಲ. ನಿಮ್ಮ ಹೆಂಡತಿ ಹತ್ರ ಮಾತಾಡ್ಬೇಕು."

ಹಿಂದಿನ ಕೋಣೆಯಲ್ಲಿ, ನೀರು ಜಿನುಗುತ್ತಿದ್ದ ಸಾಣೆಯ ಮುಂದೆ ಹೆಂಡತಿ ಕೂತಿದ್ದಳು. ಎದೆಯಿಂದ ಮಂಡಿಯವರೆಗೆ ರಬ್ಬರಿನ ಹೊದಿಕೆ, ಬೆರಳಿಗೆ ಬಿಳಿ ಕೆಸರು. ಗಾಜಿನ ಬಿಲ್ಲೆಯ ಅಂಚನ್ನು ಕಲ್ಲಿಗೆ ತಾಗಿಸಿ, ತೆಗೆದು, ಬೆಳಕಿಗೆ ಹಿಡಿದು, ಮತ್ತೆ ತಾಗಿಸುತ್ತಿದ್ದಳು. ಸೂಜಿಯಕ್ಕನನ್ನು ನೋಡಿ ಯಂತ್ರ ನಿಲ್ಲಿಸಲು ಹೋದಳು.

"ನಿಲ್ಲಿಸ್ಬೇಡಿ. ಅರ್ಧಕ್ಕೆ ಬಿಟ್ರೆ ನನಗೂ ಆಗಲ್ಲ."

"ಅವತ್ತು ಕನ್ನಡಕ ಬೇಕಾಗಿದ್ದದ್ದು ನನಗೇ" ಎಂದಳು ಹೆಂಡತಿ, ಮುಖ ಎತ್ತದೆ. "ಬೇಜಾರು ಮಾಡ್ಕೊಂಡ್ರಾ?"

"ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಬಂದೆ. ನಾನೇ ಯಾಕೆ ಬೇಕು ನಿಮಗೆ?"

ಹೆಂಡತಿ ಬಿಲ್ಲೆಯನ್ನು ಚೌಕಟ್ಟಿಗೆ ಒತ್ತಿ ನೋಡಿದಳು. ಕೂರಲಿಲ್ಲ. ಮತ್ತೆ ಕಲ್ಲಿಗೆ ಹಿಡಿದಳು. "ಅವರಿಗೆ ಗಿರಾಕಿಗಳ ಜೊತೆ ಮಾತು ಚೆನ್ನಾಗಿ ಬರುತ್ತೆ. ಈ ಕಲ್ಲಿನ ಜೊತೆ ಬರಲ್ಲ. ಮದುವೆಗೆ ಮುಂಚಿಂದ ನಂದು ಇದೇ ಕೆಲಸ. ಈಗ ಮಗು ಬರುತ್ತೆ. ಮನೇಲಿ ಯಾರೂ ಇಲ್ದಿದ್ರೆ ಅಂಗಡಿ ಬಿಟ್ಟು ಮನೇಲಿ ಕೂರೋದು ಯಾರು ಹೇಳಿ? ಆ ಮಾತನ್ನ ಇನ್ನೂ ಯಾರೂ ಎತ್ತಿಲ್ಲ. ಎತ್ತೋದೇ ಬೇಡ, ಎಲ್ಲರಿಗೂ ಗೊತ್ತು. ನಿಮ್ಮನ್ನ ನೋಡ್ದಾಗ, ಈಕೆ ಇದ್ರೆ ನಾನು ಬದುಕ್ಕೊಂಡೆ ಅನ್ನಿಸ್ತು."

ಆ ಮಾತು ಸುಳ್ಳಲ್ಲವೆಂದು ಸೂಜಿಯಕ್ಕನಿಗೆ ಕಂಡಿತು. ಕೋಪ ತರಿಸಿಕೊಳ್ಳಲು ಬಂದಿದ್ದವಳಿಗೆ ಅದು ಕೈಗೆ ಸಿಗಲಿಲ್ಲ. ಈ ಹುಡುಗಿ ಸಾಣೆಯ ಮುಂದೆ ಉಳಿಯಬೇಕೆಂದರೆ ಯಾರಾದರೂ ಒಬ್ಬಳು ಒಲೆಯ ಮುಂದೆ ನಿಲ್ಲಬೇಕು. ಮುಂದಿನ ಕೋಣೆಯಲ್ಲಿ ಕನ್ನಡಿ ಒರೆಸುತ್ತಿದ್ದವನು ಆ ಲೆಕ್ಕದೊಳಗೆ ಎಲ್ಲೂ ಬರುತ್ತಿರಲಿಲ್ಲ. ಇಬ್ಬರೂ ಅವನನ್ನು ಸೇರಿಸುವುದನ್ನೇ ಮರೆತಿದ್ದರು.

"ನಾನು ಬಿಡಬೇಕಾಗಿರೋದೂ ಒಂದು ಯಂತ್ರಾನೇ" ಎಂದಳು. ಮೇಲುಹಾಸು ಸೀಳುವುದು, ಅಂಚು ಜೋಡಿಸುವುದು, ಹೊಲಿಗೆ ಬೆನ್ನಿಗೆ ಒತ್ತದಂತೆ ಕೂರಿಸುವುದು ಎಲ್ಲವನ್ನೂ ಕೈಯಲ್ಲೇ ಮಡಚಿ ತೋರಿಸಿದಳು. ಹೆಂಡತಿ ಬೆರಳು ಒರೆಸಿಕೊಂಡು ಗಮನವಿಟ್ಟು ನೋಡಿದಳು. ಎರಡು ಪ್ರಶ್ನೆ ಕೇಳಿದಳು, ಎರಡೂ ಕೆಲಸ ಗೊತ್ತಿದ್ದವರು ಕೇಳುವಂಥವು. ಆಮೇಲೆ ಬಿಲ್ಲೆಯನ್ನು ಪಕ್ಕಕ್ಕಿಟ್ಟಳು.

"ಮನೆ ನಮಗೆ ಬೇಕು" ಎಂದಳು ಕಡೆಗೆ. "ಆದ್ರೆ ನೀವು ಇಲ್ಲ ಅಂದ್ರೆ ಬೇರೆಯವರನ್ನ ಇಡ್ಬೇಕು, ಸರಿಯಾಗಿ ಸಂಬಳ ಕೊಟ್ಟು. ಅಷ್ಟನ್ನ ಬೆಲೆಯಲ್ಲಿ ಇಳಿಸದೇ ನಮ್ಮ ಕೈಲಾಗಲ್ಲ."

"ನನಗಾದ್ರೆ ಕೈಗಿಷ್ಟು, ಬೇರೆಯವಳಿಗೆ ಸರಿಯಾಗಿ ಸಂಬಳಾನಾ?"

ಹೆಂಡತಿಯ ಕಿವಿಗಳು ಕೆಂಪಾದವು. "ನೀವು ಮನೆಯವರ ಥರ ಇರ್ತೀರಿ ಅಂತ..."

"ಮನೆಯವರ ಥರ ಇದ್ದು ಸಾಕಾಗಿದೆಯಮ್ಮಾ."

ಮರುದಿನ ಎಲ್ಲರೂ ಮತ್ತೆ ಸೇರಿದಾಗ ದಲ್ಲಾಳಿ ಇಳಿಸಿದ ಬೆಲೆ ತಂದ. ಅವನು ಹೇಳುತ್ತಿದ್ದಂತೆ ಸೂಜಿಯಕ್ಕ ಮನಸ್ಸಿನಲ್ಲೇ ಮೂರು ಭಾಗ ಮಾಡಿದಳು. ಎರಡು ಕೋಣೆಯ ಮನೆ ಅಲ್ಲೇ ಕೈ ಜಾರಿತು. ಅದೇ ಮಹಡಿಯಲ್ಲಿ, ಮೆಟ್ಟಿಲ ಪಕ್ಕ, ಒಂದೇ ಕೋಣೆಯದೊಂದು ಖಾಲಿ ಇತ್ತು. ಅದಕ್ಕೆ ಸಾಕಾಗುತ್ತಿತ್ತು.

ದಲ್ಲಾಳಿ ಹೋದ ಮೇಲೆ ತಮ್ಮ ಗಂಟಲು ಸರಿಮಾಡಿಕೊಂಡ. "ಸರಿ, ಮಾರೋಣ. ಆದ್ರೆ ಒಂದು ಮಾತು. ಬೆಲೆ ಇಳಿದದ್ದು ಯಾಕೆ? ಮನೆಗೆ ಬಿರುಕು ಬಿತ್ತಾ? ಅಕ್ಕ ಇರಲ್ಲ ಅಂದಿದ್ದಕ್ಕೆ ಇಳೀತು. ಇಳಿದಿದ್ದನ್ನ ಅಕ್ಕನ ಪಾಲಲ್ಲೇ ಕಳೀಬೇಕು. ನಮ್ಮಿಬ್ಬರದ್ದು ಏನು ತಪ್ಪು?"

ತಂಗಿ ಬೆರಳು ಮಡಚಿ ಏನೋ ಲೆಕ್ಕ ಹಾಕತೊಡಗಿದಳು. ವ್ಯಾನಿನ ಚಿಂತೆ ಅವಳ ಮುಖದಲ್ಲೇ ಇತ್ತು. ಹಾಗೆ ಕಳೆದರೆ ಮೆಟ್ಟಿಲ ಪಕ್ಕದ ಕೋಣೆಯೂ ಉಳಿಯುವುದಿಲ್ಲ, ಸೂಜಿಯಕ್ಕ ಮತ್ತೆ ಯಾರದೋ ಹಿಂದಿನ ಕೋಣೆಗೇ ಹೋಗಬೇಕು.

"ಸ್ವಲ್ಪ ತಾಳು" ಎಂದಳು. "ನಾನು ಇದ್ರೆ ಮನೆಗೆ ಒಂದು ಬೆಲೆ, ಇಲ್ದಿದ್ರೆ ಇನ್ನೊಂದು. ಅಲ್ವಾ?"

"ಹೌದು. ನಾನು ಹೇಳ್ತಿರೋದೂ ಅದೇ."

"ಆ ನಡುವೆ ಇರೋ ದುಡ್ಡು ನನ್ನ ಕೆಲಸದ ಬೆಲೆ."

"ಹಾಗೇ ಅಂದ್ಕೋ."

"ಇಷ್ಟು ವರ್ಷ ಮಾಡಿದ್ದಕ್ಕೆ ಬೆಲೆ ಇರ್ಲಿಲ್ಲ. ಅಮ್ಮನ ಹಾಸಿಗೆ ಬದಲಾಯಿಸಿದ್ದು, ನಿನ್ನ ಪರೀಕ್ಷೆಗೆ ಬೆಳಿಗ್ಗೆ ಎದ್ದು ಒಲೆ ಹಚ್ಚಿದ್ದು, ಯಾವುದನ್ನೂ ಪಾಲು ಮಾಡುವಾಗ ಲೆಕ್ಕಕ್ಕೆ ಹಿಡೀಲಿಲ್ಲ. ನಾನೂ ಕೇಳ್ಲಿಲ್ಲ. ಮಾಡಲ್ಲ ಅಂದ ದಿನ ಅದಕ್ಕೆ ಬೆಲೆ ಬಂತು, ಬಂದಿದ್ದೂ ನಾನು ಕಟ್ಟಬೇಕಾದ ದಂಡವಾಗಿ. ಹಾಗೇನಾ?"

ತಮ್ಮ ಕಣ್ಣು ಕಣ್ಣು ಬಿಟ್ಟ. "ಎಲ್ಲಿಂದೆಲ್ಲಿಗೆ ಹೋಗ್ತೀಯ ಅಕ್ಕಾ!"

ಲೋಟಗಳನ್ನು ಎತ್ತುತ್ತಿದ್ದ ತಮ್ಮನ ಹೆಂಡತಿ ತಟ್ಟೆಯನ್ನು ಮತ್ತೆ ಮೇಜಿನ ಮೇಲಿಟ್ಟಳು.

"ರೀ, ನಾನಿಲ್ದಿದ್ರೆ ನಮ್ಮನೆ ಬೆಲೆ ಎಷ್ಟು ಇಳಿಯುತ್ತೆ?"

"ನಿನಗ್ಯಾಕೆ ಈಗ ಅದು?"

"ಸುಮ್ನೆ, ತಿಳ್ಕೊಳ್ಳೋಣ ಅಂತ. ನಾಳೆ ನಮ್ಮನೆ ಮಾರೋ ದಿನ ಬಂದ್ರೆ ನನ್ನನ್ನೂ ಕಿಟಕಿ ಬಾಗಿಲ ಜೊತೆ ಸೇರಿಸ್ತೀರೋ ಏನೋ. ಮೊದಲೇ ಗೊತ್ತಿದ್ರೆ ಒಳ್ಳೇದಲ್ವಾ?"

ತಂಗಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. ತಮ್ಮನ ಹೆಂಡತಿ ಮಾತ್ರ ನಗಲಿಲ್ಲ, ಉತ್ತರಕ್ಕಾಗಿ ನಿಂತೇ ಇದ್ದಳು. ತಮ್ಮ ದಿಕ್ಕು ತೋಚದೆ ಖಾಲಿ ಲೋಟವನ್ನೇ ಎತ್ತಿ ಕುಡಿಯಹೋದ.

ಸೂಜಿಯಕ್ಕನಿಗೆ ತನ್ನ ಗೊಂದಲವೆಲ್ಲ ಅಷ್ಟರಲ್ಲಿ ತಿಳಿಯಾಗಿತ್ತು. "ಈ ಬೆಲೆಗೆ ಒಪ್ಪೋಣ" ಎಂದಳು. "ಇಳಿದಿದ್ದು ಮೂವರಿಗೂ ಸಮ. ಆಗಲ್ಲ ಅಂದ್ರೆ ನಾನು ಸಹಿ ಹಾಕಲ್ಲ. ಮನೆ ಹೀಗೇ ಇರ್ಲಿ. ಒಂದೊಂದು ವಾರ ಒಬ್ಬೊಬ್ಬರು ಬಂದು ನೋಡ್ಕೊಳ್ಳೋಣ. ಮೊದಲ ವಾರ ನಿಂದು."

"ನಾನು ಸಮಕ್ಕೆ ಒಪ್ದೆ" ಎಂದಳು ತಂಗಿ ತಟ್ಟನೆ. "ಹಳೇ ವ್ಯಾನು ತಗೊಂಡ್ರೂ ಓಡುತ್ತೆ."

ತಮ್ಮ ಆ ದಿನ ಒಪ್ಪಲಿಲ್ಲ. ಮನೆಗೆ ಹೋಗಿ ಒಪ್ಪಿದ. ಅಲ್ಲಿ ಏನು ಮಾತಾಯಿತೋ, ಫೋನಿನಲ್ಲಿ "ಆಯ್ತು ಬಿಡಕ್ಕಾ, ಸಮಾನೇ" ಎಂದಾಗ ಹಿನ್ನೆಲೆಯಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ತೊಳೆಯುತ್ತಿದ್ದವರು ಯಾರೆಂದು ಕೇಳಬೇಕೆನಿಸಿತು. ಕೇಳದೆ ಫೋನಿಟ್ಟಳು.

ಬೀಗದ ಕೈ ಒಪ್ಪಿಸುವ ದಿನ ಕನ್ನಡಕದ ಅಂಗಡಿಯವರ ಹಿಂದೆ ಇನ್ನೊಬ್ಬಳು ಬಂದಳು. ಇಪ್ಪತ್ತರ ಆಸುಪಾಸಿನ ಹುಡುಗಿ, ಹೆಗಲಲ್ಲಿ ಬಟ್ಟೆಯ ಚೀಲ. ಖಾಲಿ ಮನೆಯಲ್ಲಿ ಎಲ್ಲರ ಮಾತೂ ದೊಡ್ಡದಾಗಿ ಕೇಳುತ್ತಿತ್ತು. ಗಂಡ ಹೆಂಡತಿ ಪರದೆಗೆ ಅಳತೆ ಹಿಡಿಯುತ್ತಿದ್ದಾಗ ಹುಡುಗಿ ಸೂಜಿಯಕ್ಕನ ಹತ್ತಿರ ಬಂದು ಪಿಸುಗುಟ್ಟಿದಳು.

"ಇಲ್ಲಿ ಕೆಲಸ ಬಹಳ ಇದೆಯಾ ಅಕ್ಕಾ?"

"ಅಂಥದ್ದೇನೂ ಇಲ್ಲಮ್ಮ, ಪುಟ್ಟ ಮನೆ" ಎಂದ ಗಂಡ ಕಿಟಕಿಯ ಬಳಿಯಿಂದಲೇ, ಗಿರಾಕಿಗೆ ಹೇಳುವ ದನಿಯಲ್ಲಿ.

ಹೆಂಡತಿ ಅಳತೆಪಟ್ಟಿ ಹಿಡಿದವಳು ಸೂಜಿಯಕ್ಕನನ್ನೇ ನೋಡಿದಳು. ಆ ನೋಟದಲ್ಲಿ ಒಂದು ಬೇಡಿಕೆ ಇತ್ತು. ಹೌದು, ಸುಲಭದ ಮನೆ ಎಂದುಬಿಟ್ಟರೆ ಹುಡುಗಿ ಇಲ್ಲೇ ಒಪ್ಪುತ್ತಾಳೆ, ಆ ಹೆಂಡತಿ ನಾಳೆ ನೆಮ್ಮದಿಯಾಗಿ ತನ್ನ ಸಾಣೆಯ ಮುಂದೆ ಕೂರುತ್ತಾಳೆ. ತಾನಂತೂ ಬಿಡಿಸಿಕೊಂಡಾಯಿತು. ಸೂಜಿಯಕ್ಕನಿಗೆ ಆ ಹೆಂಡತಿಯ ಮೇಲೆ ಅಕ್ಕರೆಯೂ ಇತ್ತು.

"ಇದೆ, ಬಹಳ ಇದೆ" ಎಂದಳು ಹುಡುಗಿಗೆ, ಎಲ್ಲರಿಗೂ ಕೇಳುವಂತೆ. "ಎಷ್ಟು ಕೊಡ್ತೀವಿ ಅಂದಿದಾರೆ?"

ಹುಡುಗಿ ಹೇಳಿದಳು.

"ಕಮ್ಮಿಯಾಯ್ತು. ರಾತ್ರಿ ಮಗು ಅತ್ರೆ ಏಳೋದು ಯಾರು ಅಂತ ಮಾತಾಗಿದೆಯಾ?"

ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಗಂಡ ಕೆಮ್ಮಿದ. "ಅದೆಲ್ಲ ಆಮೇಲೆ ಹೇಗೋ ಹೊಂದ್ಕೊಳ್ಳುತ್ತೆ ಬಿಡಿ..."

"ಹೊಂದ್ಕೊಳ್ಳಲ್ಲ ರೀ" ಎಂದಳು ಹೆಂಡತಿ. ಅಳತೆಪಟ್ಟಿ ಸುತ್ತಿಟ್ಟು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಗೆ ಒರಗಿ ನೆಲದ ಮೇಲೇ ಕೂತಳು. ಮುಖದಲ್ಲಿ ಬೇಸರವೂ ಇತ್ತು, ಮುಚ್ಚಿಡಲಿಲ್ಲ. "ನೀವೂ ಬನ್ನಿ, ಕೂತ್ಕೊಳ್ಳಿ. ಯಾರು ಏಳೋದು ಅಂತ ಈಗಲೇ ಮಾತಾಡಿ ಮುಗಿಸೋಣ. ನೀನೂ ಕೂತ್ಕೋಮ್ಮಾ."

ಇಬ್ಬರೂ ಅವಳೆದುರು ಬರೀ ನೆಲದ ಮೇಲೆ ಕೂತರು. ಸೂಜಿಯಕ್ಕ ಬೀಗದ ಕೈಗೊಂಚಲನ್ನು ಗಂಡನ ಅಂಗೈಯಲ್ಲಿಟ್ಟು, ಅವನು "ಇದರಲ್ಲಿ ಯಾವುದು ಯಾವುದಕ್ಕೆ?" ಎಂದು ಕೇಳುವಷ್ಟರಲ್ಲಿ ಮೆಟ್ಟಿಲು ಇಳಿದಿದ್ದಳು. ಆಸ್ಪತ್ರೆಗೆ ಅರ್ಧ ದಿನದ ರಜೆ ಮಾತ್ರ ಹಾಕಿದ್ದಳು. ಗೇಟಿನವರೆಗೆ ಬಂದಾಗ ಒಳಗಿನಿಂದ ಹುಡುಗಿಯ ದನಿ ಕೇಳಿಸಿತು, ಮೊದಲು ಸಣ್ಣಗೆ, ಆಮೇಲೆ ಕೊಂಚ ಗಟ್ಟಿಯಾಗಿ. ಏನು ಕೇಳುತ್ತಿದ್ದಾಳೆಂದು ತಿಳಿಯಲಿಲ್ಲ. ಸೂಜಿಯಕ್ಕ ನಿಲ್ಲದೆ ಬಸ್ಸಿನ ಕಡೆ ನಡೆದಳು.